ತಮ್ಮ ಬಡಿಸಿದ ಕೆಂಪು ವೈನು

ನನ್ನ ತಮ್ಮ ಹನ್ನೆರಡು ವರ್ಷ ಪ್ರವಾಸಿ ಹಡಗುಗಳಲ್ಲಿ ವೈನ್ ಬಡಿಸುವ ಕೆಲಸ ಮಾಡಿದ. ಹದಿಮೂರನೆಯ ವರ್ಷ ಅವನ ಕಾಲುಗಳು ಬಾತುಕೊಂಡವು. ಹಡಗಿನ ವೈದ್ಯರು ರಕ್ತ ಪರೀಕ್ಷೆ ಮಾಡಿ, ಎರಡೂ ಮೂತ್ರಪಿಂಡಗಳು ಸೋತಿವೆ ಎಂದು ಹೇಳಿ, ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸಿದರು. ಗೋವಾದಿಂದ ರೈಲಿನಲ್ಲಿ ಬಂದ ಅವನನ್ನು ಕುಮಟಾ ಸ್ಟೇಷನ್ನಿನಲ್ಲಿ ನಾನೇ ಇಳಿಸಿಕೊಂಡೆ. ಮುಖ ಊದಿತ್ತು. ಬಣ್ಣ ಬೂದಿಯ ಹಾಗಿತ್ತು. ದೊಡ್ಡ ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟವನು, ಹೆಗಲಿನ ಚಿಕ್ಕ ಚೀಲವನ್ನು ಮಾತ್ರ ಕೊಡಲಿಲ್ಲ.

"ಅದನ್ನೂ ಕೊಡು, ಸುಸ್ತಾದ್ಯಲ್ಲ" ಎಂದೆ.

"ಬೇಡ ಅಕ್ಕ. ಇದ್ರಲ್ಲಿ ಗಾಜು ಅದೆ."

ಚೀಲದೊಳಗೆ ಇದ್ದದ್ದು ಒಂದು ಬಾಟಲಿ ಕೆಂಪು ವೈನು. ಹಡಗಿನಲ್ಲಿ ಅವನ ಮೇಲಿನ ಅಧಿಕಾರಿ ಬೀಳ್ಕೊಡುವಾಗ ಕೊಟ್ಟದ್ದು. ಒಳ್ಳೆಯದಂತೆ, ಹಳೆಯದಂತೆ. ಅದಕ್ಕಿಂತ ಹೆಚ್ಚು ನನಗೆ ಆಗ ಅರ್ಥವಾಗಲಿಲ್ಲ.

ನಮ್ಮ ಮೂಲ ಹೊನ್ನಾವರದ ಹತ್ತಿರದ ಕಾಸರಕೋಡ. ಅಪ್ಪ ಬೋಟಿನಲ್ಲಿ ದುಡಿದವನು. ಅವನು ತೀರಿಕೊಂಡ ಮೇಲೆ ಆಯಿ, ಎಂದರೆ ನನ್ನ ತಾಯಿ, ನನ್ನ ಜೊತೆ ಕುಮಟಾಕ್ಕೆ ಬಂದಳು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮದುವೆಯಾಗಲಿಲ್ಲ. ತಮ್ಮನದೂ ಆಗಲಿಲ್ಲ. ಅವನು ರಜೆಗೆ ಬಂದಾಗಲೆಲ್ಲ ಹುಡುಗಿ ನೋಡುವ ಮಾತು ಶುರುವಾಗಿ, ಮಾತು ಒಂದು ದಡ ಸೇರುವಷ್ಟರಲ್ಲಿ ರಜೆ ಮುಗಿದುಹೋಗುತ್ತಿತ್ತು. ಹೀಗೆ ಒಂದು ಹೆಂಚಿನ ಬಾಡಿಗೆ ಮನೆಯಲ್ಲಿ ನಾವು ಮೂವರು ಕೂಡಿಕೊಂಡೆವು. ನನ್ನದೊಂದು ಮೂತ್ರಪಿಂಡ ಕೊಡುತ್ತೇನೆ ಎಂದೆ. ಪರೀಕ್ಷೆಗೆ ಹೋದಾಗಲೇ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು. ಆಯಿಯದು ವಯಸ್ಸಾದ ಜೀವ. ಆ ಮಾತು ಅಲ್ಲಿಗೇ ನಿಂತಿತು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಯಂತ್ರಕ್ಕೆ ಕೈಯೊಡ್ಡಿ ಮಲಗಿ ರಕ್ತ ಸೋಸಿಕೊಂಡು ಬರುವುದು ಅವನ ಹೊಸ ಉದ್ಯೋಗವಾಯಿತು.

ಬಾಟಲಿಯನ್ನು ಎಲ್ಲಿಡುವುದೆಂದು ಅವನು ಮನೆಯೆಲ್ಲ ಸುತ್ತಿದ. ಗೋಡೆಗೆ ಕೈಯಿಟ್ಟು ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಕೊನೆಗೆ ಅಕ್ಕಿಯ ಡ್ರಮ್ಮಿನ ಒಳಗೆ ಮೊಣಕೈವರೆಗೆ ತೋಳು ತೂರಿಸಿ, "ಇಲ್ಲಿ ತಂಪದೆ" ಎಂದು, ಬಾಟಲಿಯನ್ನು ಅಡ್ಡ ಮಲಗಿಸಿ ಅಕ್ಕಿ ಮುಚ್ಚಿದ. ಮರುದಿನ ಬೆಳಿಗ್ಗೆ ಅಕ್ಕಿ ತೆಗೆಯಲು ಹೋದ ಆಯಿಯ ಪಾವು ಠಣ್ ಎಂದಿತು.

"ಎಂತದಾ ಇದು? ಅನ್ನದ ಅಕ್ಕಿಯಲ್ಲಿ ಹೆಂಡ ಇಡ್ತಾರನಾ?"

"ಆಯಿ, ಹಡಗಲ್ಲಿ ಇದಕ್ಕೆ ಬೇರೆ ತಂಪು ಕೋಣೆ ಇರ್ತದೆ. ನಮ್ಮನೆಯಲ್ಲಿ ತಂಪು ಇರೂದು ಅಕ್ಕಿಗೆ ಮಾತ್ರ."

ಆಯಿ ಬೈದಳು. ಆದರೆ ತೆಗೆಯಲಿಲ್ಲ. ದಿನವೂ ಅದನ್ನು ತಪ್ಪಿಸಿಕೊಂಡು ಅಕ್ಕಿ ಅಳೆದಳು.

ಮುಂದಿನ ಮೇ ತಿಂಗಳಲ್ಲಿ ತಮ್ಮನಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂರು ವಾರ ಆಸ್ಪತ್ರೆಯಲ್ಲೇ ಇರಬೇಕಾಯಿತು. ಆ ದಿನಗಳಲ್ಲಿ ಅಕ್ಕಿಗೆ ಹುಳ ಬಂತು. ನಾನು ಶಾಲೆಗೆ ರಜೆ ಇದ್ದುದರಿಂದ ಡ್ರಮ್ ಬರಿದು ಮಾಡಿ, ಅಕ್ಕಿಯನ್ನು ಬಿಸಿಲಿಗೆ ಹರವಿದೆ. ಬಾಟಲಿಯನ್ನು ಅಡುಗೆಮನೆಯ ಅಟ್ಟದ ಮೇಲೆ, ಹೆಂಚಿಗೆ ತಾಗುವ ಹಾಗೆ, ನೆಟ್ಟಗೆ ನಿಲ್ಲಿಸಿದೆ. ಆಮೇಲೆ ಆಸ್ಪತ್ರೆ, ಮನೆ, ಆಸ್ಪತ್ರೆ. ನೆನಪಾದದ್ದು ಮೊದಲ ಮಳೆ ಬಿದ್ದು ಹೆಂಚಿನಿಂದ ನೀರು ತೊಟ್ಟಿಕ್ಕಿದಾಗ. ಒರೆಸಿ, ಮತ್ತೆ ಅಕ್ಕಿಯಲ್ಲಿ ಮಲಗಿಸಿದೆ. ತಮ್ಮನಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದೇ ಅಂದುಕೊಂಡೆ.

ಆ ಕಾಯಿಲೆಯ ಕಷ್ಟ ಸೂಜಿಯಲ್ಲ, ನೀರು. ಮೂತ್ರ ನಿಂತುಹೋದ ಮನುಷ್ಯ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಆಯಿ ಪ್ರತಿ ಬೆಳಿಗ್ಗೆ ಒಂದು ಸ್ಟೀಲಿನ ಚೊಂಬಿನಲ್ಲಿ ಅವನ ದಿನದ ನೀರು ತುಂಬಿಸಿ ಮುಚ್ಚಿಡುತ್ತಿದ್ದಳು. ಮಾತ್ರೆಗೆ, ಚಹಾಕ್ಕೆ, ಸಾರಿಗೆ, ಎಲ್ಲವೂ ಅದರಿಂದಲೇ ಕಡಿಮೆಯಾಗಬೇಕು. ಗಂಜಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ ಅವನು ತಲೆ ತಗ್ಗಿಸಿ ಕೂತಿದ್ದ. ಹಡಗಿನಿಂದ ಫೋನ್ ಮಾಡಿದಾಗಲೆಲ್ಲ, ಬಂದ ಕೂಡಲೇ ಗಂಜಿ, ಸುಟ್ಟ ಒಣಮೀನು ಎನ್ನುತ್ತಿದ್ದವನು ಅವನು. ಉಪ್ಪಿನ ಕಾರಣಕ್ಕೆ ಒಣಮೀನೂ ಹೋಯಿತು. ಬಾಯಿಯ ರುಚಿಯೇ ಕೆಟ್ಟಿತ್ತು. "ಯಾವಾಗ್ಲೂ ನಾಲ್ಗೆ ಮೇಲೆ ಕಬ್ಬಿಣ ಇಟ್ಕೊಂಡ ಹಾಂಗೆ" ಎನ್ನುತ್ತಿದ್ದ. ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟರೂ ಪಕ್ಕದಲ್ಲೇ ಕೂತವನಿಗೆ ವಾಸನೆ ತಿಳಿಯುತ್ತಿರಲಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಅವನ ಪಕ್ಕದ ಹಾಸಿಗೆ ಭಟ್ಕಳದ ಒಬ್ಬ ಸಾಹೇಬರದು. ಬಟ್ಟೆ ಅಂಗಡಿ ನಡೆಸಿ ಮಕ್ಕಳಿಗೆ ಒಪ್ಪಿಸಿದವರು. ಬಿಳಿ ಗಡ್ಡ, ಮೆಲುದನಿ. ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತು. ನಾಲ್ಕು ತಾಸು ಮಾತಾಡಿ ಮಾತಾಡಿ ಅವರಿಬ್ಬರೂ ಎಷ್ಟು ಹತ್ತಿರವಾದರೆಂದರೆ, ನಾನು ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರೂ ಅವರ ಮಾತಿನೊಳಗೆ ನನಗೆ ಜಾಗವಿರಲಿಲ್ಲ.

ಒಂದು ದಿನ ಸಾಹೇಬರು ಕೇಳಿದರು: "ಹಡಗಿನ ಮೇಲೆ ನಿಮ್ದು ಕೆಲ್ಸ ಎಂತ ಇತ್ತು ಸರಿಯಾಗಿ?"

ತಮ್ಮ ವಿವರಿಸಿದ. ಯಾವ ಊಟಕ್ಕೆ ಯಾವ ವೈನು ಎಂದು ಹೇಳುವುದು, ಬಾಟಲಿ ತೆರೆಯುವುದು, ಬಡಿಸುವುದು. ಚಳಿ ಶುರುವಾಗುವ ತಿಂಗಳುಗಳಲ್ಲಿ ಬರುವ ಯಾತ್ರಿಕರಿಗೆ ಅವರ ಅಜ್ಜಿಯರ ಕಾಲದ ಅಡುಗೆ ಬೇಕಂತೆ. ನಿಧಾನವಾಗಿ ಬೆಂದ ಮಾಂಸ, ಬೇರು ತರಕಾರಿ, ಬಿಸಿ ಬಿಸಿ ಸೂಪು. ಅದರ ಜೊತೆ ಕೆಂಪು ವೈನು. ಒಂದೊಂದು ಮೇಜಿನ ಹತ್ತಿರವೂ ನಿಂತು, ಮನೆಯ ನೆನಪು ಬರುವ ಹಾಗೆ ಜೋಡಿ ಮಾಡಿ ಕೊಡುವುದೇ ಅವನ ಕೆಲಸ.

ಸಾಹೇಬರು ಹೇಳಿದರು: "ನಮ್ಮ ಧರ್ಮಕ್ಕೆ ಅದು ಆಗೋದಿಲ್ಲ, ಅದು ಬೇರೆ ಮಾತು. ಆದ್ರೆ ಇಷ್ಟು ವರ್ಷ ದುನಿಯಾಕ್ಕೆಲ್ಲ ಬಡಿಸಿದ್ರಿ. ನಿಮ್ಮ ತಾಯಿಯನ್ನ ಒಂದು ದಿನ ಕುರ್ಚಿ ಮೇಲೆ ಕೂರ್ಸಿ ಬಡಿಸಿದ್ದೀರಾ?"

ಮನೆಗೆ ಬರುವಾಗ ಆಟೋದಲ್ಲಿ ತಮ್ಮ ನನ್ನ ಕಡೆ ತಿರುಗಿ, "ಅಕ್ಕ, ನವರಾತ್ರಿ ಮುಗಿದ ಮೇಲೆ ಒಂದು ಊಟ ಹಾಕ್ವ" ಎಂದ. ಬಹಳ ತಿಂಗಳುಗಳ ನಂತರ ಅವನ ಬಾಯಲ್ಲಿ ಮುಂದಿನ ದಿನಗಳ ಮಾತೊಂದು ಬಂದಿತ್ತು. ನಾನು ಯಾಕೆ, ಹೇಗೆ ಎಂದು ಕೇಳಲಿಲ್ಲ.

ಅತಿಥಿಗಳು ಮೂರೇ ಜನ. ಸಾಹೇಬರು, ವಾರ್ಡಿನ ಸಿಸ್ಟರ್, ಮತ್ತೆ ಕಾಸರಕೋಡದ ತಾಂಡೇಲ ಮಾವ. ಬೋಟು ನಡೆಸುವವನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಅಪ್ಪ ದುಡಿದದ್ದು ಈ ಮಾವನ ಬೋಟಿನಲ್ಲಿ. ಇದ್ದದ್ದು ಒಂದೇ ಬಾಟಲಿಯಾದ್ದರಿಂದ, ನಮ್ಮ ಯಾವ ಅಡುಗೆ ಅದರ ಜೊತೆ ಹೊಂದುತ್ತದೆಂದು ಮೊದಲೇ ಬೇರೆ ವೈನಿನಲ್ಲಿ ಪರೀಕ್ಷೆ ಮಾಡಬೇಕು ಎಂದ ತಮ್ಮ. ಅದನ್ನು ತರುವವರು ಯಾರು? ಹೈಸ್ಕೂಲಿನ ಅಕ್ಕೋರು ವೈನ್ ಶಾಪಿನ ಮುಂದೆ ನಿಂತರೆ ಮರುದಿನ ತರಗತಿಯಲ್ಲಿ ಪಾಠ ನಡೆದ ಹಾಗೆಯೇ! ಮಾವನಿಗೆ ಫೋನ್ ಮಾಡಿದೆವು. ಅವನು ಹೊನ್ನಾವರದಲ್ಲಿ ಒಂದು ಬಾಟಲಿ ಕೊಂಡು, ಮೀನಿನ ಚೀಲದಲ್ಲಿ ಬಂಗುಡೆಗಳ ನಡುವೆ ಹುಗಿದು, ಬಸ್ಸಿನಲ್ಲಿ ತಂದುಕೊಟ್ಟ.

"ಅಂಗಡಿಯವ ನನ್ನ ಮೇಲಿಂದ ಕೆಳಗೆ ನೋಡ್ದ. ಬಾಣಂತಿಗನಾ ಅಂದ" ಎಂದು ಮಾವ ಹೇಳಿದಾಗ ಆಯಿ ಕೂಡ ನಕ್ಕಳು. ನಮ್ಮ ಕಡೆ ಮನೆಗೆ ವೈನು ಬರುವುದು ಬಾಣಂತಿಯ ಮೈಬಲಕ್ಕೆಂದೇ.

ರುಚಿ ನೋಡಬೇಕಾದವಳು ನಾನು. ತಮ್ಮನಿಗೆ ಕುಡಿಯಲು ಅಪ್ಪಣೆಯಿಲ್ಲ, ಕುಡಿದರೂ ರುಚಿ ತಿಳಿಯುವುದಿಲ್ಲ. ನಾನೋ ಹುಟ್ಟಿದ ಮೇಲೆ ಅದನ್ನು ಮುಟ್ಟಿದವಳಲ್ಲ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆವು. ಅವನು ಗ್ಲಾಸಿಗೆ ಎರಡು ಗುಟುಕು ಹಾಕಿ ಕೊಟ್ಟ.

"ನುಂಗೂಕೆ ಮೊದ್ಲು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಕೋ. ಈಗ ಹೇಳು, ಎಂತ ಅನಿಸ್ತದೆ?"

"ಕಹಿ" ಎಂದೆ.

"ಕಹಿ ಅಲ್ಲ. ಸರಿಯಾಗಿ ನೋಡು. ಒಸಡು ಎಂತ ಹೇಳ್ತದೆ?"

ಒಸಡು ಬಿಗಿಯುತ್ತಿತ್ತು. ನಾಲಿಗೆ ಒಣಗಿ ಮೇಲಕ್ಕೆ ಅಂಟಿಕೊಳ್ಳುತ್ತಿತ್ತು. ಗೇರುಹಣ್ಣು ಕಚ್ಚಿದಾಗ ಆಗುವ ಹಾಗೆ. "ಒಗರು" ಎಂದೆ.

ತಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಒಗರು. ಹನ್ನೆರಡು ವರ್ಷ ಇದನ್ನ ಇಂಗ್ಲಿಷಿನಲ್ಲೇ ಹೇಳಿದೆ ಅಕ್ಕ. ನಮ್ಮಲ್ಲೇ ಇದಕ್ಕೆ ಇಷ್ಟು ಸಣ್ಣ ಮಾತು ಇತ್ತಲ್ಲ, ನೆನಪೇ ಆಗ್ಲಿಲ್ಲ." ಹಡಗಿನಲ್ಲಿ ಬಾಯಿಪಾಠ ಮಾಡಿಸಿದ ಹಣ್ಣುಗಳ ಹೆಸರಿನಲ್ಲಿ ಅರ್ಧದಷ್ಟನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲವಂತೆ. "ನೀ ಕಂಡ ಹಣ್ಣು ಹೇಳು" ಎಂದ. ನೇರಳೆ ಎಂದೆ. ಒಣಗಿಸಿದ ಮುರುಗಲು ಸಿಪ್ಪೆ ಎಂದೆ. ಒಂದೊಂದಕ್ಕೂ ಅವನು, ತನ್ನ ಬಾಯಲ್ಲೇ ಅದು ಕರಗುತ್ತಿದೆ ಎಂಬಂತೆ ಗಂಟಲು ಆಡಿಸುತ್ತಿದ್ದ. ಆ ವಾರದ ಮಧ್ಯಾಹ್ನಗಳು ನನ್ನ ಜೀವನದ ಒಳ್ಳೆಯ ಮಧ್ಯಾಹ್ನಗಳು ಎಂದು ಬರೆಯಲು ಈಗ ಸಂಕಟವಾಗುತ್ತದೆ. ಆದರೆ ಅದು ನಿಜ.

ಮೊದಲ ಪರೀಕ್ಷೆ ಬಂಗುಡೆ ಸಾರಿನದು. ಆಯಿಯ ಕೈಯ ಬಂಗುಡೆ ಸಾರಿಗಿಂತ ಮನಸ್ಸಿಗೆ ಹಿತವಾದದ್ದು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಒಂದು ತುತ್ತು ತಿಂದು, ಒಂದು ಗುಟುಕು ಕುಡಿದೆ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯಿತು. ಬಚ್ಚಲಿಗೆ ಓಡಿ ಉಗುಳಿದೆ.

"ಕಬ್ಬಿಣ" ಎಂದೆ ಬಾಯಿ ಒರೆಸಿಕೊಳ್ಳುತ್ತ.

"ಹೌದು. ಮೀನಿನ ಎಣ್ಣೆಗೂ ಕೆಂಪು ವೈನಿಗೂ ಆಗೂದಿಲ್ಲ" ಎಂದು ಅವನು ನಕ್ಕ. ನಗು ಮುಗಿಯುವಷ್ಟರಲ್ಲಿ ಹೇಳಿದ: "ನಂಗೆ ಈಗ ಎಲ್ಲದೂ ಹಾಂಗೇ, ಅಕ್ಕ."

ಮೀನು ಬಿಟ್ಟರೆ ಮೀನುಗಾರರ ಮನೆಯಲ್ಲಿ ಹಬ್ಬದ ಅಡುಗೆ ಯಾವುದು? ಕೋಳಿ ಸಾರು, ಕೊಟ್ಟೆ ರೊಟ್ಟಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಮೆತ್ತನೆಯ ರೊಟ್ಟಿ ಅದು. ಆದರೆ ಆಯಿಯ ಸಾರಿನ ಖಾರಕ್ಕೆ ವೈನು ತಾಗಿದರೆ ಬಾಯಿಯೇ ಉರಿ. ಮೆಣಸು ಅರ್ಧ ಕಡಿಮೆ ಮಾಡು ಎಂದು ತಮ್ಮ ಹೇಳಿದ್ದಕ್ಕೆ ಆಯಿ ಎರಡು ದಿನ ಮುಖ ಊದಿಸಿಕೊಂಡಳು. "ಮೆಣಸು ಕಮ್ಮಿ ಮಾಡೂಕೆ ಇದೆಂತ ಆಸ್ಪತ್ರೆ ಊಟನಾ?" ಕೊನೆಗೆ ತೆಂಗಿನಕಾಯಿಯನ್ನು ಇನ್ನೂ ಕೆಂಪಗೆ ಹುರಿದು, ಕೊತ್ತಂಬರಿ, ಕಾಳುಮೆಣಸು ಮುಂದೆ ಮಾಡಿ, ಒಣಮೆಣಸನ್ನು ಹಿಂದೆ ಸರಿಸಿದಳು. ಆ ಸಾರಿನ ಜೊತೆ ವೈನಿನ ಒಗರು ಮೆತ್ತಗಾಯಿತು.

ಎಲ್ಲಕ್ಕಿಂತ ಹೊಂದಿದ್ದು ಮಾತ್ರ ಯಾರೂ ಎಣಿಸದ ವಸ್ತು. ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ನೇತುಹಾಕಿ ಮಾರುವ ಕುಮಟಾದ ಸಿಹಿ ಈರುಳ್ಳಿಯ ಕೊನೆಯ ಜಡೆಯೊಂದು ಒಲೆಯ ಮೇಲ್ಗಡೆ ತೂಗುತ್ತ ಉಳಿದಿತ್ತು. ಕೆಲವು ಮೊಳಕೆ ಬಂದಿದ್ದವು. ಆಯಿ ಅವನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹುಗಿದು ಸುಟ್ಟಳು. ಸುಟ್ಟ ಈರುಳ್ಳಿಯ ಆ ಸಿಹಿ, ಆ ಹೊಗೆ, ಅದರ ಮೇಲೆ ಒಂದು ಗುಟುಕು. ನಾನು ಇನ್ನೊಂದು ಈರುಳ್ಳಿಗೆ ಕೈಹಾಕಿದೆ. ತಮ್ಮ ನನ್ನ ಮುಖ ನೋಡಿ, "ಸಿಕ್ತು ಅಲ್ದಾ?" ಎಂದ.

ಊಟದ ದಿನ ಬಂತು. ಮಳೆ ಹಿಂದೆ ಸರಿದು, ಬಿಸಿಲು ಸುಡುತ್ತ, ಸಂಜೆ ಮಾತ್ರ ಸಮುದ್ರದ ಕಡೆಯಿಂದ ಗಾಳಿ ಬರುವ ದಿನಗಳು. ಅಂದು ಬೆಳಿಗ್ಗೆಯೇ ಡಯಾಲಿಸಿಸ್ ಮುಗಿಸಿ ಬಂದಿದ್ದ. ಸಾಮಾನ್ಯವಾಗಿ ಬಂದವನು ಸಂಜೆಯವರೆಗೆ ಮಲಗುತ್ತಾನೆ. ಅಂದು ಮಲಗಲಿಲ್ಲ. ಸಾಹೇಬರೂ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದರು. ಅವರು ಮೊದಲೇ ಹೇಳಿದ್ದರು: "ನೀವು ಅದನ್ನ ತೆರೆಯುವ ಹೊತ್ತಿಗೆ ನಾನು ಇರಬಾರದು. ಅದಕ್ಕೂ ಮೊದ್ಲು ಬಂದು ಊಟ ಮಾಡಿ ಹೋಗ್ತೇನೆ. ಬೇಜಾರು ಮಾಡ್ಬೇಡಿ." ಅವರ ಹೆಂಡತಿ ಶೇವಿಗೆ ಬಿರಿಯಾನಿ ಮಾಡಿ ಮಗನ ಕೈಯಲ್ಲಿ ಕಳಿಸಿದ್ದರು. ಸಾಹೇಬರು ಕೊಟ್ಟೆ ರೊಟ್ಟಿ, ಸುಟ್ಟ ಈರುಳ್ಳಿ ತಿಂದರು. ತಮ್ಮ ಶೇವಿಗೆ ಬಿರಿಯಾನಿಯ ನಾಲ್ಕು ತುತ್ತು ತಿಂದ. ಇಬ್ಬರ ಮುಂದೆಯೂ ನೀರಿನ ಲೋಟ ಇರಲಿಲ್ಲ. ಹೊರಡುವಾಗ ಸಾಹೇಬರು ಅವನ ಭುಜ ಹಿಡಿದು, "ಚೆನ್ನಾಗಿ ಬಡಿಸಿ" ಎಂದರು.

ಆರೂವರೆಗೆ ಮಾವ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಡ್ಯೂಟಿ ಮುಗಿಸಿ ಸಿಸ್ಟರ್ ಬಂದರು. ಆಯಿಗೆ ಹೊಸ ಸೀರೆ ಉಡಿಸಿ ಮೇಜಿನ ತಲೆಗೆ ಕೂರಿಸಿದೆ. ಅವಳು ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಅಡುಗೆಮನೆಗೆ ಓಡಲು ತಯಾರಾಗಿ ಕೂತಳು. ಒಳಗಿನಿಂದ ತಮ್ಮ ಬಂದ. ಹಡಗಿನ ಕಪ್ಪು ಕೋಟು, ಬಿಳಿ ಅಂಗಿ. ಕೋಟಿನೊಳಗೆ ಇನ್ನೊಬ್ಬ ಹಿಡಿಯುವಷ್ಟು ಜಾಗವಿತ್ತು. ಎಡತೋಳಿನ ಮೇಲೆ ಮಡಿಸಿದ ಬಿಳಿ ವಸ್ತ್ರ. ಆ ತೋಳಿನಲ್ಲೇ ಸೂಜಿ ಚುಚ್ಚಿ ಚುಚ್ಚಿ ನರ ಉಬ್ಬಿ ಗಂಟುಗಂಟಾಗಿತ್ತು. ವಸ್ತ್ರದ ಅಡಿಯಲ್ಲಿ ಅದು ಕಾಣಲಿಲ್ಲ. ಆಯಿ ಅವನನ್ನು ಆ ವೇಷದಲ್ಲಿ ನೋಡಿದ್ದು ಅದೇ ಮೊದಲು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಬಾಟಲಿಯನ್ನು ಪ್ರತಿಯೊಬ್ಬರಿಗೂ ತೋರಿಸಿದ. ಬೆನ್ನು ನಮ್ಮ ಕಡೆ ಮಾಡಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಬಿರಡೆ ತೆಗೆದ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಕೈಯಲ್ಲಿ ಬಲ ಸಾಲುತ್ತಿಲ್ಲ ಎಂದುಕೊಂಡೆ. ಆಮೇಲೆ ನನ್ನ ಗ್ಲಾಸಿಗೆ ಒಂದು ಗುಟುಕು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮೊದ್ಲು ಮನೆ ಯಜಮಾನ್ರು ರುಚಿ ನೋಡೂದು ಪದ್ಧತಿ. ಅವ್ರು ಆತು ಅಂದ್ರೆ ಉಳಿದವ್ರಿಗೆ."

ಬಾಯಿಗೆ ಹಾಕಿಕೊಂಡೆ. ಹುಳಿ. ಒಗರಿಲ್ಲ, ಹಣ್ಣಿಲ್ಲ. ಕೆಟ್ಟ ಹುಳಿ, ಮೂಗಿಗೆ ಹತ್ತುವ ಹುಳಿ. ತಿಂಗಳ ಹಿಂದೆ ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನೇ ಕಲಿಸಿದ್ದರಿಂದ ಈಗ ತಿಳಿಯಿತು. ಅದೇ ಕ್ಷಣದಲ್ಲಿ ಅಟ್ಟ ಕಣ್ಣಮುಂದೆ ಬಂತು. ಮೇ ತಿಂಗಳ ಬಿಸಿಲಿಗೆ ಕಾದ ಹೆಂಚು, ಅದಕ್ಕೆ ತಾಗಿ ನೆಟ್ಟಗೆ ನಿಂತ ಬಾಟಲಿ.

ಅವನು ಬಾಗಿ ನಿಂತು ನನ್ನ ಮುಖ ನೋಡುತ್ತಿದ್ದ. ತನ್ನ ಬದಲಿಗೆ ರುಚಿ ನೋಡುವವಳೆಂದು ಅವನು ನಂಬಿದ್ದು ನನ್ನೊಬ್ಬಳನ್ನು.

"ಆತು" ಎಂದೆ.

"ಹೇಂಗದೆ ಹೇಳು."

"ನೇರಳೆ" ಎಂದೆ. "ಒಗರು ಬಾಳ ಕಮ್ಮಿ. ಹಳೇ ಮರದ ಪೆಟ್ಟಿಗೆ ತೆಗೆದಾಗ ಬರ್ತದಲ್ಲ, ಆ ಪರಿಮಳ ಕೊನೆಗೆ." ಅವನು ಹಿಂದೆ ಎಂದೋ ಹಳೆಯ ವೈನಿನ ಬಗ್ಗೆ ಹೇಳಿದ್ದನ್ನೇ ಅವನಿಗೆ ತಿರುಗಿಸಿ ಹೇಳಿದೆ. ಅವನು ತಲೆದೂಗಿದ. ಎಲ್ಲರಿಗೂ ಬಡಿಸಿದ. ಒಂದು ಹನಿಯೂ ಮೇಜಿಗೆ ಬೀಳಲಿಲ್ಲ.

ಮಾವ ಒಂದೇ ಗುಟುಕಿಗೆ ಅರ್ಧ ಖಾಲಿ ಮಾಡಿ ಕಣ್ಣು ಕಿವುಚಿದ. "ಹುಳಿ ಅದೆಯಲ್ಲೋ ತಮ್ಮ! ಹುಳಿ ಇರೂದೇ ಚಲೋದಾ?"

"ಹೌದು ಮಾವ. ಹಳೇದು."

"ಹಂಗಾದ್ರೆ ಬಾಳ ಚಲೋದು ಇದು" ಎಂದು ಮಾವ ಉಳಿದದ್ದನ್ನೂ ಕುಡಿದ. ಸಿಸ್ಟರ್ ತುಟಿಗೆ ತಾಗಿಸಿ ನಗುತ್ತ ಕೆಳಗಿಟ್ಟರು. ಆಯಿ ಒಂದು ಗುಟುಕು ನುಂಗಿ, ಇನ್ನೊಂದು ಗುಟುಕನ್ನೂ ನುಂಗಿದಳು. ಆಮೇಲೆ ಎದ್ದು ಒಳಗೆ ಹೋಗಿ ಅವನ ನೀರಿನ ಚೊಂಬು ತಂದಳು. "ಇವತ್ತಿಂದು ಇನ್ನೂ ಉಳಿದದೆ. ಇದ್ರ ಲೆಕ್ಕದಲ್ಲಿ ಎರಡು ಚಮಚ ನೀನೂ ಕುಡಿ ಮಗಾ. ನೀ ತಂದದ್ದು."

ಅವನು ಆಯಿಯ ಕೈಯಿಂದ ಚೊಂಬು ತೆಗೆದು ಬದಿಗಿಟ್ಟ. "ಬೇಡ ಆಯಿ. ಬಡ್ಸೂರು ಕುಡೀಬಾರ್ದು." ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಬಾಗಿ, ತಟ್ಟೆಗೆ ಎರಡು ಕೊಟ್ಟೆ ರೊಟ್ಟಿ ಇಟ್ಟು, ಪಕ್ಕದಲ್ಲಿ ಸಾರು ಹಾಕಿದ. ಮಾವ ಅಪ್ಪನ ಕಥೆ ಹೇಳಿದ. ಗಾಳಿಗೆ ಬೋಟು ಭಟ್ಕಳದ ಹತ್ತಿರದ ಬೆಳಕೆಯವರೆಗೆ ಹೋಗಿ ದಡ ಹತ್ತಿದ್ದು, ಅಲ್ಲಿಂದ ಅಪ್ಪ ದಂಡೆ ಹಿಡಿದು ನಡೆದು ಬಂದದ್ದು. ಸಿಸ್ಟರ್ ಮೂರು ಸಲ ಈರುಳ್ಳಿ ಹಾಕಿಸಿಕೊಂಡರು. ಎಂಟು ಗಂಟೆಗೆ ಎಲ್ಲ ಮುಗಿದಿತ್ತು. ಕೋಟು ಬಿಚ್ಚುವಾಗ ಅವನ ಬೆನ್ನೆಲ್ಲ ಬೆವರಿತ್ತು. "ಚಲೋ ಆತು ಅಲ್ದಾ ಅಕ್ಕ" ಎಂದ. ಹೌದು ಎಂದೆ.

ಮೂರು ದಿನ ಬಿಟ್ಟು ಡಯಾಲಿಸಿಸ್ ಕೋಣೆಯಲ್ಲಿ, ಸಾಹೇಬರು ಕಣ್ಣು ಮುಚ್ಚಿ ಮಲಗಿದ್ದ ಹೊತ್ತಿನಲ್ಲಿ, ಅವನು ಮೆಲ್ಲಗೆ ಕೇಳಿದ: "ಅಕ್ಕ, ಗ್ಲಾಸಿನ ಅಂಚು ನೋಡಿದ್ಯಾ?"

"ಎಂತ ಅಂಚು?"

"ವೈನಿನ ಬಣ್ಣ, ಅಂಚಲ್ಲಿ. ಪೂರಾ ಕಂದು ಆಗಿತ್ತು, ಕೆಟ್ಟದ್ರ ಗುರುತು. ಬಿರಡೆ ಒಣಗಿ ಪುಡಿ ಪುಡಿ. ತೆಗೆಯೂಕೇ ಕಷ್ಟ ಆತು ನಂಗೆ."

ಮೂಗು, ನಾಲಿಗೆ ಸತ್ತವನಿಗೆ ಕಣ್ಣಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಅವನಿಗೆ ತಿಳಿದಿತ್ತು.

"ಮತ್ತೆ ಎಂತಕೆ ಬಡ್ಸಿದೆ?" ಎಂದೆ.

"ಹಡಗಲ್ಲಾದ್ರೆ ಚೆಲ್ಲಿ ಇನ್ನೊಂದು ತರ್ತಿದ್ದೆ. ಇಲ್ಲಿ ಇನ್ನೊಂದು ಎಲ್ಲಿತ್ತು? ಮಾವ ಬಸ್ ಹತ್ತಿ ಬಂದು ಕೂತಿದ್ದ. ಆಯಿ ಹೊಸ ಸೀರೆ ಉಟ್ಟಿದ್ಳು." ಯಂತ್ರ ತಿರುಗುತ್ತಿತ್ತು. ಅವನ ರಕ್ತ ಕೊಳವೆಯಲ್ಲಿ ಹೋಗಿ ಬರುತ್ತಿತ್ತು. "ನೀ ಉಗುಳ್ತೆ ಅಂತ ಕಾಯ್ತಾ ಇದ್ದೆ. ಬಂಗುಡೆಗೆ ಉಗುಳಿದ ಹಾಂಗೆ. ನೀ ಆತು ಅಂದೆ. ನಂಗೆ ಸಾಕಾತು."

ನಾನು ಅವನ ಕಾಲಿನ ಮೇಲೆ ಕೈಯಿಟ್ಟು ಕೂತೆ. ಅವನೇ ಹೇಳಿದ: "ಬರೂವಾಗ ಬ್ಯಾಗಲ್ಲಿ ಬಿಸಿ ತಾಗಿರ್ಬೇಕು. ಸ್ಟೇಷನ್ನಿನಲ್ಲಿ ಬಿಸಿಲಿಗೆ ಇಟ್ಟಿದ್ದೆ. ನಂದೇ ತಪ್ಪು."

ಅಟ್ಟದ ಮಾತನ್ನು ಆಗ ಹೇಳಬೇಕಿತ್ತು. ಅಷ್ಟರಲ್ಲಿ ಸಿಸ್ಟರ್ ಬಂದು ಅವನ ಬಿಪಿ ನೋಡಿದರು, ಸಾಹೇಬರು ಎಚ್ಚರಗೊಂಡರು, ಮಾತು ಎಲ್ಲಿಗೋ ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ಎಂದುಕೊಂಡೆ. ತಪ್ಪು ತನ್ನದೆಂದು ಅವನು ಎಷ್ಟು ಹಗುರವಾಗಿ ಒಪ್ಪಿಕೊಂಡಿದ್ದನೆಂದರೆ, ಅದನ್ನು ಅವನಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಅವನು ನನ್ನನ್ನು ನೋಡುವ ರೀತಿ ಬದಲಾಗುವುದು ನನಗೆ ಬೇಡವಾಗಿತ್ತು.

ಜನವರಿಯ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊರಡಲು ತಯಾರಾಗಿ ಅವನು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. "ಆಟೋ ಬಂತಾ ನೋಡು" ಎಂದ. ಗೇಟಿನವರೆಗೆ ಹೋಗಿ, ಬಂದಿಲ್ಲ ಎಂದು ಹೇಳಲು ತಿರುಗಿದೆ. ಅವನು ಕಂಬಕ್ಕೆ ಒರಗಿದ್ದ. ಒರಗಿದ ರೀತಿಯಲ್ಲೇ ನನಗೆ ತಿಳಿಯಿತು. ಎರಡು ನಿಮಿಷದ ಮೇಲೆ ಆಟೋ ಬಂತು. ಆಯಿ ಒಳಗಿನಿಂದ ಬಂದು ಅವನ ಪಕ್ಕ ಕೂತು, ಒಂದು ಲೋಟ ತುಂಬ ನೀರು ತಾ ಎಂದಳು. ತಂದೆ. ಅವನ ತುಟಿಗಳ ಮೇಲೆ ಹನಿ ಹನಿಯಾಗಿ ಬಿಟ್ಟಳು. ಆ ದಿನದ ಚೊಂಬನ್ನು ಅವಳು ಮುಟ್ಟಲಿಲ್ಲ. ಬಾವಿಯಿಂದ ಸೇದಿದ ಹೊಸ ನೀರೇ ಬೇಕೆಂದಳು. ಕಾಸರಕೋಡದಿಂದ ಮಾವ ಮತ್ತೆ ಬೋಟಿನ ಹತ್ತು ಜನ ಬಂದು ಎಲ್ಲ ಕೆಲಸ ಮುಗಿಸಿದರು.

ಮಾರ್ಚಿನಲ್ಲಿ, ಪರೀಕ್ಷೆಯ ಕೆಲಸ ಮುಗಿದ ಮೇಲೆ, ನಾನು ಸಾಹೇಬರನ್ನು ನೋಡಲು ಭಟ್ಕಳಕ್ಕೆ ಹೋದೆ. ಯಾರಿಗಾದರೂ ಅಟ್ಟದ ಮಾತು ಹೇಳಬೇಕಿತ್ತು. ಆಯಿಗೆ ಹೇಳಲಾರೆ. ತಮ್ಮನನ್ನು ಬಲ್ಲವರು, ಆ ಬಾಟಲಿಯ ರುಚಿ ನೋಡದೆ ಹೋದವರು ಇವರೊಬ್ಬರೇ ಎಂದುಕೊಂಡು ಹೋಗಿದ್ದೆ. ಮಹಡಿಯ ಮೇಲೆ, ಕಿಟಕಿಯ ಹತ್ತಿರ ಮಂಚದ ಮೇಲೆ ಇದ್ದರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ಚಹಾ ತಂದುಕೊಟ್ಟು, ನನ್ನ ಕೈಯನ್ನೊಮ್ಮೆ ಹಿಡಿದು ಬಿಟ್ಟು ಒಳಗೆ ಹೋದರು.

"ನಿಮ್ಮ ತಾಯಿ ಊಟ ಮಾಡ್ತಾರಾ ಅಕ್ಕೋರೆ?" ಎಂದು ಸಾಹೇಬರು ಕೇಳಿದರು.

"ಮಾಡ್ತಾಳೆ. ಕಮ್ಮಿ."

"ಮಾಡ್ಲಿ. ಬಿಡಬಾರ್ದು." ಹೊರಗೆ ಯಾರೋ ಮೀನು ಮಾರುತ್ತ ಹೋದರು. ಅವರು ಆ ಕೂಗು ದೂರವಾಗುವವರೆಗೆ ಕಾದರು. "ನಿಮ್ಮ ತಮ್ಮನ ಬೆಡ್ ಮೇಲೆ ಈಗ ಇನ್ನೊಬ್ಬ ಬಂದಿದ್ದಾನೆ. ಅಪ್ಸರಕೊಂಡದ ಕಡೆಯವ ಅಂತೆ, ವಯಸ್ಸು ಸಣ್ಣದು. ಒಳ್ಳೆಯ ಹುಡುಗ. ನಗ್ತಾನೆ, ಮಾತಾಡಿಸ್ತಾನೆ. ಎರಡು ತಿಂಗಳಾಯ್ತು. ನಾನು ಇನ್ನೂ ಅವನ ಹೆಸರು ಕೇಳಿಲ್ಲ."

"ಯಾಕೆ?"

"ಕೇಳಿದ್ರೆ ಇವನೂ ನಮ್ಮವ ಆಗಿಬಿಡ್ತಾನಲ್ಲ."

ನಾನು ಹೇಳಲು ಹೋದದ್ದನ್ನು ಹೇಳಲಿಲ್ಲ. ಚಹಾ ಕುಡಿದು ಮುಗಿಸಿ, ಇನ್ನೂ ಸ್ವಲ್ಪ ಹೊತ್ತು ಅವರ ಹತ್ತಿರ ಕೂತೆ. ನಾಲ್ಕು ಗಂಟೆಯ ಬಸ್ಸು ಹಿಡಿದು ಕುಮಟಾಕ್ಕೆ ಬಂದೆ.